ಹಕ್ಕಲಿನ ಅಳುಬುರುಕಿ

ಏಳು ವರ್ಷ ನಾನು ಒಂದು ಗಿಡವನ್ನು ಉಪವಾಸ ಕೆಡವಿ ಸಾಕಿದೆ. ಗೊಬ್ಬರವಿಲ್ಲ, ಬಾವಿಯ ನೀರಿಲ್ಲ, ನಲ್ಲಿಯ ನೀರಂತೂ ಇಲ್ಲವೇ ಇಲ್ಲ. ಶಿರಸಿಯ ಬಾಡಿಗೆ ಮನೆಯ ಹಿತ್ತಿಲಕಟ್ಟೆಯ ಮೇಲೆ ಒಂದು ಒಡೆದ ಮಡಕೆಯ ತಳ, ಅದರಲ್ಲಿ ನಾಲ್ಕು ಬೊಗಸೆ ಕೆಂಪು ಜಲ್ಲಿಮಣ್ಣು, ಮಣ್ಣಿಗೆ ಅಂಟಿಕೊಂಡಂತೆ ಎಂಟಾಣೆಯಗಲದ ಕೆಂಪು ಚಕ್ರಗಳು. ಹತ್ತಿರ ಬಗ್ಗಿ ನೋಡಿದರೆ ಎಲೆಯ ತುಂಬ ಕೂದಲು, ಪ್ರತಿ ಕೂದಲ ತುದಿಗೆ ಒಂದು ಹನಿ. ಬಿಸಿಲು ಬಿದ್ದರೂ ಆರದ ಹನಿ. ನೊರಜು ಅದನ್ನು ಜೇನೆಂದುಕೊಂಡು ಬಂದು ಕೂತರೆ ಮುಗಿಯಿತು. ಕಾಲು ಅಂಟುತ್ತದೆ, ರೆಕ್ಕೆ ಅಂಟುತ್ತದೆ, ಎಲೆ ಮುಷ್ಟಿ ಕಟ್ಟುತ್ತದೆ. ಮತ್ತೆ ಬಿಚ್ಚಿಕೊಂಡಾಗ ಅಲ್ಲಿ ಒಣಗಿದ ಸಿಪ್ಪೆ ಮಾತ್ರ.

ಪುಸ್ತಕದಲ್ಲಿ ಇದನ್ನು ಕೀಟಾಹಾರಿ ಸಸ್ಯ ಅನ್ನುತ್ತಾರೆ. ನಮಗೆ ಇದು ಅಳುಬುರುಕಿ. ಹೆಸರಿಟ್ಟವಳು ದುರ್ಗಿ.

ಸಿದ್ದಾಪುರ ತಾಲೂಕಿನಲ್ಲಿ ನಿಲ್ಕುಂದದಿಂದ ಇತ್ತ ನಮ್ಮ ಊರು. ಊರಿನ ತಲೆಯ ಮೇಲೆ ಹಕ್ಕಲು. ಹಕ್ಕಲು ಎಂದರೆ ಮರವಿಲ್ಲದ ಬಯಲು. ಬೆರಳುದ್ದ ಮಣ್ಣೂ ಇಲ್ಲದ ಕೆಂಪುಕಲ್ಲಿನ ಹಾಸು. ಬೇಸಿಗೆಯಲ್ಲಿ ಬರಿಗಾಲಿಟ್ಟರೆ ಬೊಕ್ಕೆ ಏಳುತ್ತದೆ. ಮಳೆ ಹಿಡಿದ ಮೇಲೆ ಅದೇ ಕಲ್ಲಿನ ಮೇಲೆ ಮೊಣಕಾಲುದ್ದ ಹುಲ್ಲು, ಹುಲ್ಲಿಲ್ಲದ ಕಡೆ ನೀರು ಜಿನುಗುವ ಜಾಗದಲ್ಲಿ ಈ ಕೆಂಪು ಚಕ್ರಗಳು. ಹಕ್ಕಲಿನ ಅಂಚಿನಲ್ಲಿ ಕೆರಿಯನ ಬಿಡಾರ. ಅವನಿಗೆ ಎಂಟು ಎಮ್ಮೆ, ಒಬ್ಬಳೇ ಮಗಳು. ನಾನೂ ದುರ್ಗಿಯೂ ಒಂದೇ ಶಾಲೆ, ಒಂದೇ ಬೆಂಚು. ಶಾಲೆ ಬಿಟ್ಟ ಮೇಲೆ ಅವಳು ಎಮ್ಮೆಯ ಹಿಂದೆ, ನಾನು ಅವಳ ಹಿಂದೆ.

"ನೋಡೇ ವೇದಾ, ಇದು ಅಳ್ತಾ ಅಳ್ತಾ ಉಣ್ತದೆ," ಅಂದಿದ್ದಳು ಒಂದು ದಿನ, ಹೊಟ್ಟೆಯ ಮೇಲೆ ಮಲಗಿ ಗಿಡಕ್ಕೆ ಮೂಗು ತಾಗಿಸಿಕೊಂಡು. "ನೊಣ ಸತ್ತಿದ್ದಕ್ಕೆ ಅಳೋದೂ ತಾನೇ, ತಿನ್ನೋದೂ ತಾನೇ. ಅಳುಬುರುಕಿ!"

ಗಿಡ ಕೀಳುವುದರಲ್ಲಿ ಅವಳದ್ದೊಂದು ರೀತಿ. ನಾವೆಲ್ಲ ಬೆರಳು ಹಾಕಿ ಕೆದಕುತ್ತಿದ್ದೆವು. ಅವಳು ಕತ್ತಿಯ ತುದಿಯಿಂದ ಸುತ್ತ ನಾಲ್ಕು ಗೀರು ಎಳೆದು, ಚೌಕಕ್ಕೆ ಚೌಕ ಎತ್ತುತ್ತಿದ್ದಳು, ಬರ್ಫಿ ಎತ್ತಿದ ಹಾಗೆ. ಬೇರಿಗೆ ಗೊತ್ತೇ ಆಗುತ್ತಿರಲಿಲ್ಲ.

ನಮ್ಮ ಮನೆಯ ಅಂಗಳದಲ್ಲಿ ಇದ್ದದ್ದು ಬೇರೆ ರಾಜ್ಯ. ಆಯಿಯ, ಅಂದರೆ ನನ್ನ ಅಮ್ಮನ, ಡೇರೆ ಗಿಡಗಳು; ಪೇಟೆಯವರು ಡೇಲಿಯಾ ಅನ್ನುವುದು. ಮಳೆಗಾಲದಲ್ಲಿ ಹದಿನಾಲ್ಕು ಬಣ್ಣದ ಡೇರೆ, ಊಟದ ಬಟ್ಟಲಿನಷ್ಟು ದೊಡ್ಡ ಹೂವು. ಆಯಿ ಅವಕ್ಕೆ ಸಗಣಿ ಕದಡಿದ ನೀರು ಹಾಕುತ್ತಿದ್ದಳು, ಅಕ್ಕಿ ತೊಳೆದ ನೀರು ಹಾಕುತ್ತಿದ್ದಳು, ಮಕ್ಕಳಿಗಿಂತ ಹೆಚ್ಚು ಉಣಿಸುತ್ತಿದ್ದಳು. ನಮ್ಮ ಹೆಂಗಸರಲ್ಲಿ ಒಂದು ಪದ್ಧತಿ ಉಂಟು. ಡೇರೆಯ ಗಡ್ಡೆಯನ್ನು ಕೇಳಿ ಪಡೆಯಬಾರದು, ಕದಿಯಬೇಕು. ಕದ್ದದ್ದಕ್ಕೇ ಹೂವು ಚೆನ್ನಾಗಿ ಬರುವುದು. ನೆಂಟರ ಹೆಂಗಸು ಹೊರಡುವ ಹೊತ್ತಿಗೆ ಅಂಗಳದ ಮೂಲೆಯಲ್ಲಿ ಸುಮ್ಮನೆ ಸುಳಿದಾಡತೊಡಗಿದರೆ ಆಯಿಗೆ ಅರ್ಥವಾಗುತ್ತಿತ್ತು. "ಅಯ್ಯೋ, ಒಲೆ ಮೇಲೆ ಹಾಲಿಟ್ಟಿದ್ನಲೇ" ಎಂದು ಒಳಗೆ ಹೋಗಿಬಿಡುವಳು. ಎಷ್ಟು ಬೇಕೋ ಅಷ್ಟು ಹೊತ್ತು ಒಳಗೇ ಇರುವಳು. ಕದ್ದವಳನ್ನು ಹಿಂಬಾಲಿಸಿ ಹೋಗಬಾರದು, ಕದ್ದೆಯಾ ಎಂದು ಕೇಳಲೇಬಾರದು. ಕೇಳಿದರೆ ಗಡ್ಡೆ ಕೊಳೆಯುತ್ತದೆ. ಮುಂದಿನ ವರ್ಷ ಅವರ ಅಂಗಳಕ್ಕೆ ಹೋದಾಗ ತನ್ನದೇ ಡೇರೆಯನ್ನು ನೋಡಿ, ಮೊದಲ ಸಲ ಕಂಡವಳ ಹಾಗೆ, "ಚೊಲೋ ಬೈಂದಲೇ, ಎಲ್ಲಿ ಸಿಕ್ಚೇ?" ಎಂದು ಹೊಗಳಿ ಕೇಳಬೇಕು. ಅವಳು "ಇಲ್ಲೇ ಎಲ್ಲೋ ಸಿಕ್ಚು ಮಾರಾಯ್ತಿ" ಅನ್ನಬೇಕು. ಇಬ್ಬರೂ ನಗಬೇಕು.

ದುರ್ಗಿ ಒಂಬತ್ತು ವರ್ಷದವಳಿದ್ದಾಗ ಅಂಗಳದ ಬೇಲಿಯ ಹೊರಗಿನಿಂದ ಕೈ ಹಾಕಿ ಒಂದು ಗಡ್ಡೆ ಎತ್ತಿದಳು. ಚೌಕಕ್ಕೆ ಚೌಕ.

ಆಯಿ ಆ ದಿನ ಒಳಗೆ ಹೋಗಲಿಲ್ಲ. "ಕಳ್ಳಿ!" ಎಂದು ಕೂಗಿದಳು. ಕೆರಿಯನನ್ನು ಕರೆಸಿದರು. ಅವನು ಅಂಗಳದ ಹೊರಗೆ ನಿಂತು, ಮಗಳ ಕೈಯಿಂದ ಗಡ್ಡೆ ತೆಗೆದುಕೊಂಡು, ಕಾಲುವೆಯ ನೀರಿನಲ್ಲಿ ತೊಳೆದು ಬೇಲಿಯ ಕಲ್ಲಿನ ಮೇಲೆ ಇಟ್ಟು ಹೋದ. ತೊಳೆದು ಇಟ್ಟ! ಆಯಿ ಅದನ್ನು ಮತ್ತೊಮ್ಮೆ ತೊಳೆದಳು. ನಾನು ಜಗುಲಿಯ ಕಂಬ ಹಿಡಿದುಕೊಂಡು ನೋಡುತ್ತಿದ್ದೆ. ಅಂಗಳಕ್ಕೆ ಬರಬಲ್ಲವರು ತೆಗೆದುಕೊಂಡರೆ ಪದ್ಧತಿ, ಬರಲಾರದವರು ತೆಗೆದುಕೊಂಡರೆ ಕಳವು ಎಂಬುದು ಆ ಹೊತ್ತಿಗೆ ನನಗೆ ತಿಳಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ತಿಳಿಯಿತು. ಬಾಯಿ ಬರಲಿಲ್ಲ.

ಆಮೇಲೂ ಬಾಯಿ ಬರಲಿಲ್ಲ. ೧೯೯೩ರ ಏಪ್ರಿಲ್. ನಾನು ಆಗ ಊರ ಶಾಲೆಯಲ್ಲೇ ಟೀಚರು. ಹಕ್ಕಲಿನಲ್ಲಿ ಕಲ್ಲಿನ ಕ್ವಾರಿ ಮಾಡಲು ಹೊರಗಿನ ಕಂತ್ರಾಟದಾರನೊಬ್ಬ ಅರ್ಜಿ ಹಾಕಿದ್ದ. ಲಾರಿ ಹೋಗಲು ದಾರಿ ಅಣ್ಣನ ಜಾಗದ ಮೇಲೆ, ಅಣ್ಣ ಒಪ್ಪಿಯಾಗಿತ್ತು. ಪಂಚನಾಮೆಗೆ ಓದು ಬಲ್ಲವರೊಬ್ಬರ ಸಹಿ ಬೇಕಿತ್ತು.

"ಸುಳ್ಳು ಹೇಳು ಹೇಳಿ ಆನು ಹೇಳ್ತ್ನಿಲ್ಲೆ," ಅಂದ ಅಣ್ಣ. "ಇವತ್ತು ಅಲ್ಲಿ ಎಂತ ಇದ್ದು? ಅಷ್ಟೇ ಹೇಳು."

ಏಪ್ರಿಲ್‌ನಲ್ಲಿ ಅಲ್ಲಿ ಎಂತ ಇರುತ್ತದೆ? ಕಲ್ಲು. ಈ ನಾಡಿನಲ್ಲಿ ನೆಲದ ಹಣೆಬರಹ ಬರೆಯಲು ಬರುವವರೆಲ್ಲ ಬೇಸಿಗೆಯಲ್ಲೇ ಬರುತ್ತಾರೆ. ಜೀಪು ಹತ್ತುವುದು ಆಗಲೇ.

"ಟೀಚರ್, ಇಲ್ಲಿ ಏನಾದರೂ ಬೆಳೆಯುತ್ತದೆಯೇ?" ಅಧಿಕಾರಿ ಕೇಳಿದರು. ಒಂದು ಕಡೆ ಅಣ್ಣ, ಇನ್ನೊಂದು ಕಡೆ ಕೆರಿಯ ಮತ್ತು ಈಗ ದುರ್ಗಮ್ಮನಾಗಿದ್ದ ದುರ್ಗಿ. ಆಗಲೇ ಅವಳಿಗೆ ಮದುವೆಯಾಗಿ, ಗಂಡ ತೀರಿಹೋಗಿ, ಏಳು ವರ್ಷದ ಮಗಳ ಜೊತೆ ಅಪ್ಪನ ಬಿಡಾರಕ್ಕೇ ಬಂದಿದ್ದಳು.

"ಏನೂ ಬೆಳೆಯುವುದಿಲ್ಲ," ಅಂದೆ.

ಅವರು ಬರೆದುಕೊಂಡರು: ಸದರಿ ಜಾಗವು ಬರಡಾಗಿದ್ದು ಏನೂ ಬೆಳೆಯುವುದಿಲ್ಲವೆಂದು ಸ್ಥಳೀಯ ಶಿಕ್ಷಕಿಯು ತಿಳಿಸಿರುತ್ತಾರೆ. ಸಹಿ ಹಾಕುವಾಗ ಕಣ್ಣಲ್ಲಿ ನೀರು ಬಂತು. ಹಾಕಿದೆ.

ಕೆರಿಯ ತಲೆಯ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. "ಅಲ್ಲ ಅಮಾ, ಹಂಗಾರೆ ನಮ್ಮ ಎಮ್ಮೆ ಇಷ್ಟು ವರ್ಷ ಕಲ್ಲು ತಿಂದ್ಕಂಡು ಹಾಲು ಕೊಟ್ವಾ? ನಿಮ್ಮನೆಗೂ ಅದೇ ಹಾಲು ಬತ್ತಿತ್ತಲ್ಲ?"

ಯಾರೋ ನಕ್ಕರು. ದುರ್ಗಮ್ಮ ನಗಲಿಲ್ಲ. ನನ್ನ ಹತ್ತಿರ ಬಂದು, ನನ್ನ ಕೆನ್ನೆಯನ್ನೇ ನೋಡಿದಳು. "ನೀನೂ ಅದೇ ಜಾತಿ," ಅಂದಳು, ನನಗಷ್ಟೇ ಕೇಳುವಂತೆ. "ಅಳ್ತಾ ಅಳ್ತಾ ಉಣ್ಣೋದು."

ಅವಳು ನನ್ನ ಜೊತೆ ಆಡಿದ ಕೊನೆಯ ಮಾತು ಅದು.

ಮಳೆಗಾಲ ಮುಗಿದದ್ದೇ ಕಲ್ಲು ಕೊರೆಯುವ ಯಂತ್ರ ಬಂತು. ಬಿಡಾರಕ್ಕೆ ಹಕ್ಕುಪತ್ರವಿರಲಿಲ್ಲ, ಲಾರಿಯ ದಾರಿ ಅದರ ಮೇಲೇ ಹೋಯಿತು. ಮೇವಿಲ್ಲದ ಎಮ್ಮೆಗಳನ್ನು ಮಾರಿ ಅವರು ಯಲ್ಲಾಪುರದ ಕಡೆ ಕೂಲಿಗೆ ಹೋದರಂತೆ. ಅಂತೆ. ನಾನು ಆ ದಿನ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. ಮರುವರ್ಷ ಶಿರಸಿಗೆ ವರ್ಗ ಕೇಳಿ ಪಡೆದೆ. ಅಣ್ಣನ ಮನೆಯ ಅನ್ನ ಬೇಡವಾಗಿತ್ತು. ಅದೇನು ದೊಡ್ಡ ತ್ಯಾಗವಲ್ಲ. ನನಗೆ ಸಂಬಳ ಇತ್ತು.

ಒಂದೇ ಆಸೆ ಉಳಿದಿತ್ತು. ನಾನಾಡಿದ ಆ ಎರಡು ಶಬ್ದವನ್ನು ಅವಳ ಎದುರಿಗೇ ವಾಪಸು ತೆಗೆದುಕೊಳ್ಳಬೇಕು. ಬರೀ ಬಾಯಿಮಾತಿನಲ್ಲಿ ಅಲ್ಲ. ಬಾಯಿಯ ಬೆಲೆ ಅವಳು ನೋಡಿಯಾಗಿತ್ತು. ಹಕ್ಕಲಿನಲ್ಲಿ ಬೆಳೆಯುವುದನ್ನು ಜೀವಂತ ಕೈಯಲ್ಲಿ ಹಿಡಿದುಕೊಂಡು, ನೋಡು, ಬೆಳೆಯುತ್ತದೆ ಎಂದು ಹೇಳಬೇಕು.

೯೪ರ ಸೆಪ್ಟೆಂಬರಿನಲ್ಲಿ ಹಕ್ಕಲಿಗೆ ಹೋದೆ. ಅರ್ಧ ಹಕ್ಕಲು ಆಗಲೇ ಹೊಂಡ. ಉಳಿದ ಕಡೆಯಿಂದ ಒಂದು ಹೆಂಟೆ ಅಳುಬುರುಕಿಯನ್ನು ಕೆದಕಿ ಅಡಕೆ ಹಾಳೆಯಲ್ಲಿ ಇಟ್ಟುಕೊಂಡು ಬಂದೆ. ಮತ್ತೆ ಏನು ಮಾಡಿದೆ? ಡೇರೆ ಬೆಳೆಸಿದವಳ ಮಗಳು ಏನು ಮಾಡುತ್ತಾಳೋ ಅದನ್ನೇ ಮಾಡಿದೆ. ಮೊದಲ ದಿನ ಸಗಣಿ ನೀರು. ಮೂರನೆಯ ದಿನ ಅಕ್ಕಿ ತೊಳೆದ ನೀರು. ಬುಡಕ್ಕೆ ಒಂದು ಮುಷ್ಟಿ ಕಪ್ಪು ಮಣ್ಣು. ಎಲೆಯ ಹನಿಗಳು ಮೊದಲು ಆರಿದವು. ಎಂಟನೆಯ ದಿನಕ್ಕೆ ಗಿಡ ಸುಟ್ಟ ಬತ್ತಿಯ ಹಾಗೆ ಕಪ್ಪಾಗಿ ಮಲಗಿತ್ತು, ಸುತ್ತ ಎಳೆ ಹುಲ್ಲು ನಳನಳಿಸುತ್ತಿತ್ತು.

ಪಕ್ಕದ ಮನೆಯ ಶ್ರೀಲಕ್ಷ್ಮಿ ಸೋಂದಾ ಕಡೆಯವಳು. ಬೇಲಿಯ ಮೇಲಿಂದ ಇಣುಕಿದಳು. "ಎಂತದೇ ವೇದಾ ಇದು? ಊರವ್ವೆಲ್ಲ ದಾಸವಾಳ ಬೆಳೆಸಿದ್ರೆ ನೀನು ಮಾಂಸ ತಿಂಬ ಗಿಡ ಸಾಕ್ತಾ ಇದ್ಯಲೇ! ಏಕಾದಶಿ ದಿನ ಎಂತ ಮಾಡ್ತು ಇದು?"

"ಏಕಾದಶಿಗಿಂತ ಮೊದಲೇ ಸತ್ತೋತು," ಅಂದೆ.

"ಹಂಗಾರೆ ಪುಣ್ಯಾತ್ಮ ಗಿಡ ಬಿಡು."

ಭಾನುವಾರ ಸಂಜೆ ನಾವು ಏಳೆಂಟು ಜನ ಒಂದು ಅಚ್ಚುಕೂಟದ ಮೇಲಿನ ಕೋಣೆಯಲ್ಲಿ ಸೇರುತ್ತಿದ್ದೆವು. ಒಬ್ಬರು ಓದುವುದು, ಉಳಿದವರು ಜಗಳಾಡುವುದು. ಆ ಬಳಗಕ್ಕೆ ಬನವಾಸಿ ಕಡೆಯ ಸದಾಶಿವ ಬರುತ್ತಿದ್ದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ನಾನು ಸತ್ತ ಗಿಡವನ್ನು ಕಾಗದದಲ್ಲಿ ಸುತ್ತಿ ಒಯ್ದು ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ಟೀಚರ್, ಇದನ್ನ ನೀವು ಉಣಿಸಿ ಉಣಿಸಿ ಕೊಂದೀರಿ."

"ಅಂದ್ರೆ?"

"ಏನೂ ಇಲ್ಲದ ನೆಲದಾಗ ಹುಟ್ಟಿದ್ರೀ ಇದು. ನೆಲದಾಗ ಸಿಗಂಗಿಲ್ಲಂತನ ಹುಳಾ ಹಿಡಿಯೂದು ಕಲ್ತೈತಿ. ಅಂಥಾದ್ರ ಬೇರಿಗೆ ಸಗಣಿ ಸುರುವಿದ್ರ ಬೇರು ಸುಟ್ಟು ಹೋಗತೈತಿ. ನಿಮ್ಮ ಉಪಕಾರ ಅದಕ್ಕ ಬ್ಯಾಡ್ರಿ. ಮಳಿ ನೀರು ಕೊಡ್ರಿ, ಬಿಸಿಲಿಗಿಡ್ರಿ, ಸುಮ್ಮನಿರ್ರಿ."

ಸುಮ್ಮನಿರುವುದು ಎಷ್ಟು ಕಷ್ಟ ಎಂದು ಆಮೇಲೆ ತಿಳಿಯಿತು. ಮಾತಾಡಬೇಕಾದಲ್ಲಿ ಸುಮ್ಮನಿದ್ದವಳಿಗೆ ಕೈ ಸುಮ್ಮನಿಡಲು ಬರಲಿಲ್ಲ. ಮರುವರ್ಷ ತಂದ ಹೆಂಟೆಗೆ ಗೊಬ್ಬರ ಹಾಕಲಿಲ್ಲ. ಆದರೆ ಮಳೆ ಬಿಟ್ಟ ವಾರದಲ್ಲಿ ಒಣಗೀತೆಂದು ಹೆದರಿ ನಲ್ಲಿಯ ನೀರು ಹಾಕಿದೆ. ಬ್ಲೀಚಿಂಗ್ ಪೌಡರಿನ ವಾಸನೆಯ ನೀರು. ಅದೂ ಹೋಯಿತು. ೯೬ರಲ್ಲಿ ಮೂರನೆಯ ಸಲ ಹೋದಾಗ ಕ್ವಾರಿಯ ಕೆಂಪು ಧೂಳು ಉಳಿದ ಬಯಲಿನ ಮೇಲೆಲ್ಲ ಹಬ್ಬಿತ್ತು. ಇಡೀ ಮಧ್ಯಾಹ್ನ ಹುಡುಕಿ ಸಿಕ್ಕಿದ್ದು ಒಂದು ಅಂಗೈಯಗಲ. ಇದು ಹೋದರೆ ಮತ್ತೆ ಇಲ್ಲ.

ಆ ಸಲ ಸೂರಿನಿಂದ ಬೀಳುವ ನೀರಿಗೆ ಹಂಡೆ ಇಟ್ಟೆ. ಮಡಕೆಯ ತಳವನ್ನು ನೀರಿನ ತಟ್ಟೆಯಲ್ಲಿ ಕೂರಿಸಿದೆ. ತಟ್ಟೆ ಒಣಗಲು ಬಿಡಲಿಲ್ಲ. ಅದಕ್ಕಿಂತ ಹೆಚ್ಚು ಏನೂ ಮಾಡಲಿಲ್ಲ. ತಲೆಪಿನ್ನಿನಿಂದ ಹುಲ್ಲಿನ ಮೊಳಕೆ ಕಿತ್ತೆ. ಗಿಡ ಬದುಕಿತು. ನವೆಂಬರಿನಲ್ಲಿ ನಡುವಿನಿಂದ ದಾರದಂಥ ದಂಟು ಎದ್ದು ಬಿಳಿಯ ಹೂವು ಬಿಟ್ಟಿತು, ಬೆಳಗ್ಗೆ ಅರಳಿ ಮಧ್ಯಾಹ್ನ ಮುಚ್ಚುವ ಹೂವು. ನಾನು ಶಾಲೆಗೆ ತಡವಾಗಿ ಹೋದೆ.

ಜನವರಿಯಲ್ಲಿ ನೀರಿದ್ದೂ ಸತ್ತಿತು. ಒಂದೊಂದೇ ಚಕ್ರ ಕಂದಾಗಿ, ಹನಿ ಆರಿ, ಪುಡಿಯಾಯಿತು. ಈ ಸಲ ನಾನು ಯಾವ ತಪ್ಪೂ ಮಾಡಿರಲಿಲ್ಲ. ತಪ್ಪು ಮಾಡದೆಯೂ ಕಳೆದುಕೊಳ್ಳುವ ಸಂಕಟವನ್ನು ನಾನು ಅದುವರೆಗೆ ಕಂಡಿರಲಿಲ್ಲ; ಕೆರಿಯ ಕಂಡಿದ್ದ. "ಚೆಲ್ಲೇ ಅದ್ನ, ಮಡಕೆಗೆ ಬೇರೆ ಎಂತಾದ್ರೂ ಹಾಕಲಾಗ್ತು" ಅಂದಳು ಶ್ರೀಲಕ್ಷ್ಮಿ. ಚೆಲ್ಲಲು ಮನಸ್ಸಾಗಲಿಲ್ಲ. ಬಚ್ಚಲ ಮನೆಯ ಅಟ್ಟದ ಮೇಲೆ ಇಟ್ಟೆ.

೯೭ರ ಜೂನಿನಲ್ಲಿ ಕಟ್ಟಿಗೆ ತೆಗೆಯಲು ಹೋದಾಗ ಮಡಕೆಯ ತಳ ಕೈಗೆ ಬಂತು. ಹೊರಗಿಟ್ಟೆ, ಮರೆತೆ. ಇಪ್ಪತ್ತು ದಿನ ಬಿಟ್ಟು ಬಟ್ಟೆ ಹಿಂಡುತ್ತಿದ್ದಾಗ ಕಣ್ಣಿಗೆ ಬಿತ್ತು. ಕೆಂಪು ಮಣ್ಣಿನ ಮೇಲೆ ಇನ್ನೂ ಕೆಂಪಗೆ, ಅರ್ಧ ಸಾಸಿವೆಯಷ್ಟು ಚುಕ್ಕೆಗಳು. ಭೂತಗನ್ನಡಿ ತಂದು ನೋಡಿದೆ. ಪ್ರತಿ ಚುಕ್ಕೆಗೂ ಎರಡು ಎಲೆ. ಎಲೆಗೆ ಕೂದಲು. ಕೂದಲ ತುದಿಗೆ ಹನಿ.

"ಅದು ಸತ್ತಿರಲೇ ಇಲ್ರಿ," ಅಂದರು ಸದಾಶಿವ. "ಬೀಜಾಗಿ ಕುಂತಿತ್ತು. ಬ್ಯಾಸಗಿ ಹಕ್ಕಲದಾಗ ಹಂಗ ಅದು. ಕಣ್ಣಿಗೆ ಕಾಣಂಗಿಲ್ಲ, ಇರತೈತಿ."

ಏಪ್ರಿಲ್‌ನ ಆ ಬಯಲು, ಕೈಯಲ್ಲಿ ಪೆನ್ನು, ನಾನು. ನನ್ನ ಕಾಲಡಿಯಲ್ಲಿ ಆ ದಿನವೂ ಅವು ಇದ್ದವು.

ಆಮೇಲೆ ವರ್ಷಕ್ಕೊಂದು ತಲೆಮಾರು. ಚಳಿಗಾಲದಲ್ಲಿ ದಂಟು ಒಣಗುವಾಗ ಕೆಳಗೆ ಕಾಗದ ಹಿಡಿದು ತಟ್ಟಿದರೆ ಕಾಡಿಗೆಯ ಪುಡಿಯಂಥ ಬೀಜ ಉದುರುತ್ತಿತ್ತು. ಅರ್ಧವನ್ನು ಹಾಗೇ ಮಣ್ಣಿಗೆ ಬಿಡುವೆ, ಅರ್ಧವನ್ನು ಇನ್‌ಲ್ಯಾಂಡ್ ಲೆಟರಿನಲ್ಲಿ ಮಡಿಸಿ ಇಡುವೆ. ಆ ಲೆಟರುಗಳೆಲ್ಲ ದುರ್ಗಮ್ಮನಿಗೆಂದು ತಂದವು. "ಪ್ರೀತಿಯ ದುರ್ಗಿ" ಎಂಬಲ್ಲಿಗೆ ನಿಂತುಹೋದವು. ಅವಳ ವಿಳಾಸವೂ ಗೊತ್ತಿರಲಿಲ್ಲ, ಪ್ರೀತಿ ಎಂಬ ಶಬ್ದ ಬರೆಯುವ ಹಕ್ಕಿದೆಯೇ ಎಂಬುದೂ ಗೊತ್ತಿರಲಿಲ್ಲ.

೯೯ರಲ್ಲಿ ಯಲ್ಲಾಪುರದ ಬಸ್ಸಿನ ಕಂಡಕ್ಟರೊಬ್ಬನನ್ನು ಕೇಳಿ ಕೇಳಿ ಜಾಡು ಹಿಡಿದೆ. ಒಂದು ಭಾನುವಾರ ಹೋದೆ. ರಸ್ತೆಯಿಂದ ಮೈಲಿ ನಡೆದರೆ ನಾಲ್ಕು ಬಿಡಾರ. ಹದಿವಯಸ್ಸಿನ ಹುಡುಗಿಯೊಬ್ಬಳು ಹೊರಗೆ ಪಾತ್ರೆ ಬೆಳಗುತ್ತಿದ್ದಳು. ದುರ್ಗಮ್ಮನ ಮೂಗು, ದುರ್ಗಮ್ಮನ ಹುಬ್ಬು. ಅಜ್ಜ ತೀರಿಕೊಂಡು ಎರಡು ವರ್ಷವಾಯಿತು ಅಂದಳು. ಅವ್ವ ಸೊಪ್ಪಿಗೆ ಹೋಗಿದ್ದಾಳೆ, ಸಂಜೆಗೆ ಬರುತ್ತಾಳೆ. ನೀವು ಯಾರು?

"ವೇದಾ ಅಂತ. ನಿಮ್ಮವ್ವನ ಜೊತೆ ಓದಿದವಳು."

ಹುಡುಗಿ ಪಾತ್ರೆ ಬೆಳಗುವುದನ್ನು ನಿಲ್ಲಿಸಿದಳು. ಮತ್ತೆ ಶುರುಮಾಡಿದಳು. ಕೂರಿ ಅನ್ನಲಿಲ್ಲ.

ಐದೂವರೆಗೆ ದಾರಿಯ ತಿರುವಿನಲ್ಲಿ ಸೊಪ್ಪಿನ ಹೊರೆ ಕಾಣಿಸಿತು. ಹೊರೆಯ ಕೆಳಗೆ ಒಬ್ಬಳು ಹೆಂಗಸು. ನಿಂತಳು. ನನ್ನನ್ನು ನೋಡಿದಳು. ಅಷ್ಟು ದೂರದಿಂದ ಮುಖ ಕಾಣುತ್ತಿರಲಿಲ್ಲ. ನಿಂತ ರೀತಿ ಕಾಣುತ್ತಿತ್ತು. ನಾನು ಕೈ ಎತ್ತಿದೆ. ಅವಳು ಹೊರೆಯ ಸಮೇತ ತಿರುಗಿ, ಬಂದ ದಾರಿಯಲ್ಲೇ ಇಳಿದು ಹೋದಳು. ದಿನವಿಡೀ ದುಡಿದ ಮೈ, ತಲೆಯ ಮೇಲೆ ಅಷ್ಟು ಭಾರ. ನಾನಲ್ಲಿ ಕೂತಿರುವಷ್ಟು ಹೊತ್ತೂ ಅವಳು ಅದನ್ನು ಹೊತ್ತುಕೊಂಡೇ ಎಲ್ಲೋ ನಿಂತಿರುತ್ತಾಳೆ ಎಂದು ಹೊಳೆದು, ಎದ್ದು ಬಂದುಬಿಟ್ಟೆ.

೨೦೦೩ರ ಆಗಸ್ಟಿನಲ್ಲಿ ಸದಾಶಿವ ಒಂದು ನೋಟೀಸಿನ ಪ್ರತಿ ತಂದರು. ಕ್ವಾರಿಯ ಹತ್ತು ವರ್ಷದ ಗುತ್ತಿಗೆ ಮುಗಿಯಿತು. ಈಗ ಉಳಿದ ಹನ್ನೆರಡು ಎಕರೆಯನ್ನೂ ಕೇಳಿದ್ದಾರೆ. ಸೆಪ್ಟೆಂಬರಿನಲ್ಲಿ ಸಿದ್ದಾಪುರ ಪೇಟೆಯಲ್ಲಿ ಅಹವಾಲು ಸಭೆ. ಕೆಳಗೆ ಒಂದು ಸಾಲು: ಜಾಗವು ಬರಡೆಂದು ಈ ಹಿಂದೆಯೇ ಸ್ಥಳೀಯ ಶಿಕ್ಷಕಿಯ ಹೇಳಿಕೆಯಿಂದ ಸ್ಥಿರಪಟ್ಟಿರುತ್ತದೆ.

"ಹಳೇ ಮಂದಿಗೆಲ್ಲ ಕಾರ್ಡ್ ಹಾಕೇನ್ರಿ," ಅಂದರು ಅವರು. "ಯಲ್ಲಾಪುರಕ್ಕೂ ಹಾಕೇನಿ. ಬರ್ತಾರೋ ಇಲ್ಲೋ."

ಅಣ್ಣನಿಗೂ ಸುದ್ದಿ ಮುಟ್ಟಿತು. ಒಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಮನೆಗೆ ಬಂದ. ಚಾ ಕುಡಿಯುತ್ತ ಕಟ್ಟೆಯ ಮೇಲಿನ ಮಡಕೆ ನೋಡಿದ.

"ಇದ್ನ ತಗಂಡು ಹೋಗಿ ಸಾಹೇಬ್ರ ಮುಂದೆ ಇಡ್ತ್ಯಡ? ಜನ ನೆಗ್ಯಾಡ್ತ, ತಂಗಿ."

"ನೆಗ್ಯಾಡ್ಲಿ. ನಂಗೆ ಅಭ್ಯಾಸ ಇಲ್ಲೆ ಹೇಳಿ ಮಾಡಿದ್ಯ?"

"ಸುಳ್ಳು ಹೇಳಿದ್ದೆ ಹೇಳಿ ನೀನೇ ಬರೆದು ಕೊಟ್ರೆ ಕೆಲಸಕ್ಕೆ ತೊಂದರೆ ಬತ್ತು."

"ಬರ್ಲಿ ಅಣ್ಣಾ. ಅವರ ಬಿಡಾರಕ್ಕೇ ಬಂತು."

ಅವನು ಲೋಟ ಕೆಳಗಿಟ್ಟು ಹೋದ.

ಸಭೆಯ ದಿನ ಮಡಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕಂಡಕ್ಟರ್ ಬಗ್ಗಿ ನೋಡಿದ. "ಇದೆಂತದು ಮೇಡಂ, ಪ್ರಸಾದವಾ?"

"ನೊಣ ತಿನ್ನೋ ಗಿಡ."

"ಹೌದಾ! ಹಂಗಾರೆ ಒಂದು ನಮ್ಮ ಡಿಪೋ ಕ್ಯಾಂಟೀನಿಗೂ ಕೊಡಿ." ಅವನು ಬೆರಳು ಚಾಚಿದ, ಹನಿಯೊಂದು ಅಂಟಿ ದಾರದ ಹಾಗೆ ಎಳೆಯಿತು. ಕೈ ಹಿಂದೆಗೆದುಕೊಂಡು ಅಂಗಿಗೆ ಒರೆಸಿದ.

ಸಭಾಭವನದಲ್ಲಿ ಅರವತ್ತು ಎಪ್ಪತ್ತು ಜನ. ಬಾಗಿಲ ಹತ್ತಿರದ ಕೊನೆಯ ಸಾಲಿನಲ್ಲಿ ಯಲ್ಲಾಪುರದಿಂದ ಬಂದ ನಾಲ್ಕು ಹೆಂಗಸರು. ಅವರಲ್ಲಿ ಒಬ್ಬಳ ತಲೆ ಪೂರ್ತಿ ಬೆಳ್ಳಗಾಗಿತ್ತು. ನಲವತ್ತಕ್ಕೇ ಬೆಳ್ಳಗಾಗಿತ್ತು. ಎಲೆಯಡಿಕೆಯ ಚೀಲ ಬಿಚ್ಚಿ ಸಣ್ಣ ಚೂರಿಯಿಂದ ಅಡಕೆ ಕೊಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

ನನ್ನ ಹೆಸರು ಕೂಗಿದಾಗ ಮಡಕೆಯನ್ನು ಒಯ್ದು ಮೇಜಿನ ಮೇಲೆ ಇಟ್ಟೆ. ಅಧಿಕಾರಿ ಹೊಸಬರು, ಚಿಕ್ಕ ವಯಸ್ಸು.

"ಏನಿದು?"

"ಹಕ್ಕಲಿನಲ್ಲಿ ಬೆಳೆಯುವ ಗಿಡ, ಸಾರ್."

"ಇದರಿಂದ ಏನು ಉಪಯೋಗ? ಔಷಧಿಯಾ?"

"ಏನೂ ಉಪಯೋಗ ಇಲ್ಲ."

ಸಭೆ ನಕ್ಕಿತು. ಕಂತ್ರಾಟದಾರನ ಕಡೆಯವರು ಜೋರಾಗಿ ನಕ್ಕರು. ನಾನು ನಗು ಮುಗಿಯುವವರೆಗೆ ಕಾದೆ. ಟೀಚರಿಗೆ ಅದೊಂದು ಬರುತ್ತದೆ. "ಹತ್ತು ವರ್ಷದ ಹಿಂದೆ ನಿಮ್ಮವರು ಕೇಳಿದ್ದು ಬೆಳೆಯುತ್ತದೆಯೇ ಅಂತ. ಉಪಯೋಗ ಉಂಟಾ ಅಂತ ಕೇಳಿರಲಿಲ್ಲ. ಏನೂ ಬೆಳೆಯುವುದಿಲ್ಲ ಅಂತ ನಾನು ಹೇಳಿದೆ. ಅದು ಸುಳ್ಳು. ಇದು ಬೆಳೆಯುತ್ತದೆ. ಎಂಟು ಎಮ್ಮೆಗೆ ಸಾಕಾಗುವಷ್ಟು ಹುಲ್ಲು ಬೆಳೆಯುತ್ತಿತ್ತು. ಆ ಹುಲ್ಲಿನ ಮೇಲೆ ಒಂದು ಮನೆ ಬದುಕುತ್ತಿತ್ತು. ಬರೆದುಕೊಳ್ಳಿ."

ಅವರು ಹಳೆಯ ಕಡತ ತಿರುವಿದರು. "ಪಂಚನಾಮೆ ಏಪ್ರಿಲ್ ತಿಂಗಳದ್ದು. ಆ ದಿನಕ್ಕೆ ನೀವು ಹೇಳಿದ್ದು ನಿಜವೇ ಇರಬಹುದಲ್ಲ, ಮೇಡಂ?"

"ನಿಜವಾಗುವ ದಿನ ನೋಡಿಯೇ ನನ್ನಿಂದ ಹೇಳಿಸಿದ್ದು, ಸಾರ್. ನನಗೂ ಅದು ಗೊತ್ತಿತ್ತು. ಅದಕ್ಕೇ ಅದು ಸುಳ್ಳು."

ಈ ಸಲ ಕಣ್ಣಲ್ಲಿ ನೀರು ಬರಲಿಲ್ಲ. ಬರಬಾರದು ಎಂದು ಬಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದೆ.

ತಿರುಗಿದಾಗ ದುರ್ಗಮ್ಮ ನನ್ನನ್ನೇ ನೋಡುತ್ತಿದ್ದಳು. ನಗಲಿಲ್ಲ. ತಲೆಯಾಡಿಸಲಿಲ್ಲ. ಆದ್ದರಿಂದ ಕ್ಷಮಿಸಿದಳು ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ನೋಡಿದಳು, ಅಷ್ಟೇ.

ತೀರ್ಮಾನ ಆಮೇಲೆ ತಿಳಿಸುತ್ತೇವೆ ಎಂದು ಸಭೆ ಮುಗಿಸಿದರು. ಕೆಂಪು ಮಣ್ಣು ಕಾಗದಕ್ಕೆ ತಾಗುತ್ತದೆಂದು ಜವಾನ ನನ್ನ ಮಡಕೆಯನ್ನು ಎತ್ತಿ ಹಿಂದಿನ ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದ. ನನ್ನ ಹೇಳಿಕೆಯನ್ನು ಗುಮಾಸ್ತರು ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಳ್ಳಬೇಕಿತ್ತು. ಅವರ ಎದುರು ನಿಂತಿದ್ದಾಗ ಓರೆಗಣ್ಣಿಗೆ ಕಾಣಿಸಿತು. ಜನ ಕರಗುತ್ತಿದ್ದ ಸಭೆಯಲ್ಲಿ ಬಿಳಿ ತಲೆಯೊಂದು ಬಾಗಿಲ ಕಡೆ ಹೋಗದೆ ಕಿಟಕಿಯ ಹತ್ತಿರ ಸುಮ್ಮನೆ ಸುಳಿದಾಡುತ್ತಿತ್ತು.

ಹತ್ತು ಹೆಜ್ಜೆ. ಹೋಗಿ ಕೈ ಹಿಡಿಯಬಹುದು. ಮಡಕೆಯನ್ನೇ ಎತ್ತಿ ಕೊಡಬಹುದು, ತಗೋ, ನಿನಗೆಂದೇ ಸಾಕಿದ್ದು ಎಂದು. ನಮ್ಮ ಕೈಯಿಂದ ಅವರು ಇಸಿದುಕೊಂಡದ್ದೇ ಅಲ್ಲವೇ ಇಷ್ಟು ಕಾಲ? ಹಳೆ ಸೀರೆ, ಉಳಿದ ಅನ್ನ, ಕೊಟ್ಟಾಗ ಕೊಟ್ಟಷ್ಟು. ಹಳೆಯ ರೋಗ ಮತ್ತೆ ಏಳುತ್ತಿತ್ತು, ಉಣಿಸುವ ರೋಗ.

ನಾನು ಕಿಟಕಿಗೆ ಪೂರ್ತಿ ಬೆನ್ನು ಮಾಡಿದೆ. "ಸಾರ್, ಇನ್ನೊಮ್ಮೆ ಮೊದಲಿಂದ ಓದಿ," ಅಂದೆ.

"ಈಗಷ್ಟೇ ಓದಿದ್ನಲ್ಲ ಮೇಡಂ?"

"ಒಂದು ಸಲ ಸರಿಯಾಗಿ ಕೇಳದೆ ಸಹಿ ಹಾಕಿದವಳು ನಾನು. ನಿಧಾನವಾಗಿ ಓದಿ."

ಅವರು ಉಸಿರು ಬಿಟ್ಟು ಓದಿದರು. ನಾನು ಒಂದು ಶಬ್ದವನ್ನೂ ಕೇಳಲಿಲ್ಲ. ಬೆನ್ನಿನಿಂದ ಕೇಳುತ್ತಿದ್ದೆ. ಒಂದು ಕಡೆ ಅಕ್ಷರ ತಿದ್ದಿಸಿದೆ, ಇನ್ನೊಂದು ಕಡೆ ತಾರೀಖು ಸರಿಯೇ ಎಂದು ಕೇಳಿದೆ. ಎಷ್ಟು ಬೇಕೋ ಅಷ್ಟು ಹೊತ್ತು. ಆಮೇಲೆ ಸಹಿ ಹಾಕಿ ತಿರುಗಿದೆ.

ಕಿಟಕಿಯ ಬಳಿ ಯಾರೂ ಇರಲಿಲ್ಲ. ಮಡಕೆಯಲ್ಲಿ ಹನ್ನೊಂದು ಚಕ್ರಗಳಿದ್ದವು, ಈಗ ಎಂಟು. ಬಲಗಡೆಯ ಅಂಚಿನಲ್ಲಿ ಒಂದು ಗುಳಿ. ಚೌಕಕ್ಕೆ ಚೌಕ, ನಾಲ್ಕು ಮೂಲೆಯೂ ನೇರ.

"ಯಲ್ಲಾಪುರದವ್ರು ಈಗಷ್ಟೇ ಬಸ್‌ಸ್ಟ್ಯಾಂಡಿಗೆ ಹೋದ್ರು," ಅಂದ ಜವಾನ, ಕೇಳದೆಯೇ. "ಎರಡು ಗಂಟೆ ಬಸ್ಸು. ಓಡಿದ್ರೆ ಸಿಗ್ತಾರೆ."

ಓಡಿದರೆ ಸಿಗುತ್ತಿದ್ದಳು. ಬಸ್‌ಸ್ಟ್ಯಾಂಡು ಕೂಗಳತೆಯಲ್ಲಿತ್ತು. ಹೇಳಬೇಕಾದದ್ದು ಹತ್ತು ವರ್ಷದ್ದಿತ್ತು. ಗೊಬ್ಬರ ಹಾಕಬೇಡ, ನಲ್ಲಿಯ ನೀರು ಬೇಡ, ಜನವರಿಯಲ್ಲಿ ಸತ್ತಿತೆಂದು ಚೆಲ್ಲಬೇಡ ಎಂದಾದರೂ ಹೇಳಬೇಕೆನ್ನಿಸಿತು. ಅವಳಿಗೆ ಅದನ್ನು ಹೇಳಿಕೊಡಲು ನಾನು ಯಾರು? ಕಾಲು ಹೊಸಿಲು ದಾಟಿತ್ತು, ಹಿಂದಕ್ಕೆ ಎಳೆದುಕೊಂಡೆ. ಕದ್ದವಳನ್ನು ಹಿಂಬಾಲಿಸಬಾರದು.

ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತೆ. ಬಸ್ಸಿನ ಹಾರ್ನು ಎರಡು ಸಲ ಕೇಳಿಸಿತು. ಇಂಜಿನ್ನಿನ ಸದ್ದು ಶಿರಸಿಯ ದಾರಿ ಹಿಡಿದು ಸಣ್ಣದಾಗುತ್ತ ಹೋಯಿತು. ಚೌಕದ ಗುಳಿಗೆ ಸುತ್ತಲಿನ ಮಣ್ಣಿನಿಂದ ನೀರು ಜಿನುಗಿ ಸೇರುತ್ತಿತ್ತು.

ಆ ಗುಳಿಯನ್ನು ನಾನು ಇವತ್ತಿಗೂ ಮುಚ್ಚಿಲ್ಲ. ಶಾಲೆಯಿಂದ ಬಂದು ಕಟ್ಟೆಯ ಮೇಲೆ ಕೂತಾಗ ಯಲ್ಲಾಪುರದ ಆ ಬಿಡಾರದ ಅಂಗಳ ಕಣ್ಣಿಗೆ ಬರುತ್ತದೆ. ಅವಳು ಬಾ ಅನ್ನಬೇಕು. ಅನ್ನದೆ ನಾನು ಹೋಗುವಂತಿಲ್ಲ. ಅಂದರೆ ಹೋಗುತ್ತೇನೆ; ಒಡೆದ ಬೋಗುಣಿಯಲ್ಲೋ ಕಲ್ಲಿನ ಸಂದಿಯಲ್ಲೋ ಕೆಂಪಗೆ ಹಬ್ಬಿದ್ದನ್ನು ಮೊದಲ ಸಲ ಕಂಡವಳ ಹಾಗೆ ನೋಡಿ, "ಚೊಲೋ ಬಂದದಲ್ಲೇ ದುರ್ಗಿ, ಎಲ್ಲಿ ಸಿಕ್ತು?" ಎಂದು ಕೇಳುತ್ತೇನೆ. ಅವಳು ಏನನ್ನುತ್ತಾಳೆ ಎಂಬುದನ್ನು ಮಾತ್ರ ನಾನು ಮೊದಲೇ ಹೇಳಿಕೊಳ್ಳುವುದಿಲ್ಲ.